ಹೊನ್ನಿಯ ಬುಟ್ಟಿಗೆ ಬೋಣಿಯ ಕೈ

ಈ ಲೇಖನ ಬರೆಯಲು ಒಪ್ಪಿಕೊಂಡಲ್ಲಿಂದ ನನಗೊಂದು ಸಣ್ಣ ಹೆದರಿಕೆ. ಯಾರಾದರೂ ನಡುದಾರಿಯಲ್ಲಿ ತಡೆದು, "ಈ ಹೊನ್ನಿ ನಿಮಗೆ ಏನಾಗಬೇಕು?" ಎಂದು ಕೇಳಿಬಿಟ್ಟರೆ ಏನು ಹೇಳಲಿ? ಡೈರಿ ತೆರೆದು ಅದೊಂದೇ ಸಾಲು ಬರೆದು, ಉತ್ತರ ಬರೆಯದೆ ಮುಚ್ಚಿದ್ದೇನೆ.

ಪುರವಣಿ ನೋಡಿಕೊಳ್ಳುವ ನಾಗಭೂಷಣ ಸರ್ ಫೋನಿನಲ್ಲಿ ಕೇಳಿದ್ದು ಇಷ್ಟೇ. "ಧಾರೇಶ್ವರದ ಕಡೆ ಮೀನು ಮಾರುವ ಹೆಂಗಸೊಬ್ಬರು ದಿಕ್ಕಿಲ್ಲದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಾರಂತೆ. ನೀವು ಕುಮಟಾದಲ್ಲೇ ಇರುವುದಲ್ವಾ? ಪರಿಚಯ ಉಂಟಾ?"

"ಸ್ವಲ್ಪ ಉಂಟು ಸರ್," ಅಂದೆ.

ಸ್ವಲ್ಪ! ಒಂದನೇ ಕ್ಲಾಸಿನಿಂದ ಡಿಗ್ರಿ ಮುಗಿಯುವವರೆಗೆ ಆ ಮನೆಯ ಗಂಜಿ ಉಂಡವಳ ಬಾಯಿಂದ ಬಂದ ಮಾತು ಅದು. ಹೊನ್ನಿ ಸಾಕಿದ ಮಕ್ಕಳಲ್ಲಿ ನಾನೂ ಒಬ್ಬಳು. ಓದುಗರಿಗೆ ಇದನ್ನು ಮೊದಲೇ ತಿಳಿಸಿಬಿಡುತ್ತೇನೆ. ಬರೆಯುವುದು ನನಗೆ ಅಷ್ಟು ಕಷ್ಟವಲ್ಲ, ಕಾಗದ ತಿರುಗಿ ನನ್ನ ಮುಖ ನೋಡುವುದಿಲ್ಲ. ಬಾಯಿಬಿಟ್ಟು ಹೇಳುವುದೇ ಆಗದ ಕೆಲಸ. ಕಾಲೇಜಿನಲ್ಲಿ ಎಲ್ಲಿ ಉಳಿದುಕೊಂಡಿದ್ದೀಯಾ ಎಂದು ಕೇಳಿದವರಿಗೆಲ್ಲ "ಚಿಕ್ಕಿ ಮನೆ" ಎನ್ನುತ್ತಿದ್ದೆ. ಅವರು ಅಮ್ಮನ ತಂಗಿಯ ಮನೆ ಎಂದುಕೊಳ್ಳುತ್ತಿದ್ದರು. ನಾನು ಹಾಗೇ ಅಂದುಕೊಳ್ಳಲು ಬಿಡುತ್ತಿದ್ದೆ.

ಹೊನ್ನಾವರದ ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ದೋಣಿಗಳ ದೀಪ ನೀರಲ್ಲಿ ಅಲ್ಲಾಡುತ್ತಿದೆ. ಹರಾಜು ಕೂಗುವವನ ಸುತ್ತ ಹೆಂಗಸರ ಗುಂಪು. ಅದರೊಳಗೆ ಮೊಣಕೈಯಿಂದ ದಾರಿ ಮಾಡಿಕೊಂಡು, ಸೀರೆ ಮೇಲಕ್ಕೆ ಕಟ್ಟಿ, ತಲೆ ಮೇಲೆ ಸಿಂಬಿ ಇಟ್ಟುಕೊಂಡು ನುಗ್ಗುತ್ತಿರುವವರು ಹೊನ್ನಿ. ಐವತ್ತು ದಾಟಿದೆ, ಎಷ್ಟು ದಾಟಿದೆ ಎಂದು ಅವರಿಗೂ ಗೊತ್ತಿಲ್ಲ. ದೋಣಿಯವರ ಜೊತೆ ಕೊಂಕಣಿಯಲ್ಲಿ ಜಗಳ, ಪಕ್ಕದವಳ ಜೊತೆ ಕನ್ನಡದಲ್ಲಿ ನಗೆ, ಭಟ್ಕಳದಿಂದ ಬಂದ ವ್ಯಾಪಾರಿಯ ಜೊತೆ ಒಂದು ಬಗೆಯ ಉರ್ದು. ಮೂರೂ ಒಂದೇ ಉಸಿರಿನಲ್ಲಿ. ಹೊರಬರುವಾಗ ಬುಟ್ಟಿ ತುಂಬ ಬಂಗಡೆ, ಮೇಲೊಂದು ಹಿಡಿ ಸೆಟ್ಲಿ, ಅಂದರೆ ಸಿಗಡಿ.

ನನ್ನನ್ನು ಕಂಡು ನಿಲ್ಲುತ್ತಾರೆ. ಸುತ್ತಲಿನವರ ಕಡೆ ಒಮ್ಮೆ ನೋಡಿ, ಹೇಳುತ್ತಾರೆ: "ಬಂದ್ರಾ? ಬನ್ನಿ ಬನ್ನಿ. ಮೀನ್ ನೀರು ಹಾರ್ತದೆ, ಸ್ವಲ್ಪ ಆಚೆ ನಿಂತ್ಕಳಿ."

ಚಿಕ್ಕಂದಿನಿಂದ ನನ್ನನ್ನು "ತಂಗಿ, ಬಾರೆ, ಹೋಗೆ" ಎಂದು ಕರೆದ ಬಾಯಿ. ಪೇಪರಿನ ಕೆಲಸಕ್ಕೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೆ ಅಷ್ಟೇ. ನನ್ನನ್ನು ಗುರುತಿಲ್ಲದವಳ ಹಾಗೆ ಮಾತಾಡಿಸು ಎಂದು ನಾನು ಹೇಳಿರಲಿಲ್ಲ. ಹೇಳದೆಯೇ ಅವರಿಗೆ ಅರ್ಥವಾಗಿತ್ತು. ನಾನು ನಿಜವಾಗಿಯೂ ಸ್ವಲ್ಪ ಆಚೆ ಹೋಗಿ ನಿಲ್ಲುತ್ತೇನೆ.

ಹೊನ್ನಿ ಮಾಡುವುದು ದತ್ತು ಅಲ್ಲ. ಹೆತ್ತವರು ಆಸ್ಪತ್ರೆ ಸೇರಿದಾಗ, ಜೈಲು ಸೇರಿದಾಗ, ಇಲ್ಲವೇ ಎದ್ದು ನಿಲ್ಲಲಾಗದಷ್ಟು ಸೋತಾಗ, ಮಕ್ಕಳ ಯೋಗಕ್ಷೇಮ ನೋಡುವ ಸಮಿತಿ ಮಗುವನ್ನು ಒಂದು ಮನೆಗೆ ಒಪ್ಪಿಸುತ್ತದೆ. ಅವರು ಸುಧಾರಿಸಿಕೊಂಡ ದಿನ ಮಗು ಅವರಿಗೆ ವಾಪಸ್. ಕಾಗದದಲ್ಲಿ ಇದಕ್ಕೆ ಪೋಷಕ ಕುಟುಂಬ ಎನ್ನುತ್ತಾರೆ. ಟೆಂಪೋದಲ್ಲಿ ಬುಟ್ಟಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತ ಹೊನ್ನಿ ಬೇರೆ ಥರ ಹೇಳುತ್ತಾರೆ.

"ಗಾಳಿಗೆ ಸಿಕ್ಕಿದ ಬೇರೆಯವ್ರ ದೋಣಿ ನಮ್ಮ ದಡಕ್ಕೆ ಬಂದ್ರೆ ಎಂತ ಮಾಡೂದು? ಹಗ್ಗ ಹಾಕಿ ಕಟ್ಟೂದು. ಗಾಳಿ ನಿಂತ್ ಮೇಲೆ ಅವ್ರು ಬಂದು ಬಿಚ್ಕಂಡು ಹೋತ್ರು. ನಾ ಕಟ್ಟಿದ್ದೆ ಅಂತ ದೋಣಿ ನಂದಾತದಾ?"

ಅದಕ್ಕೇ ಆ ಮನೆಯಲ್ಲಿ ಯಾವ ಮಗುವೂ ಅವರನ್ನು ಅಮ್ಮ ಎನ್ನುವಂತಿಲ್ಲ. "ನಿಂಗೆ ಅಮ್ಮ ಅಂತ ಒಬ್ಳು ಇದ್ದಾಳೆ. ನಂಗೆ ಚಿಕ್ಕಿ ಅನ್ನು, ಸಾಕು." ಅಮ್ಮ ಸತ್ತುಹೋದ, ಅಪ್ಪ ಗೋವೆಯ ದೋಣಿಗೆ ಹೋದವನು ತಿರುಗಿ ಬಾರದ ನನಗೂ ಅದೇ ನಿಯಮವಿತ್ತು. "ಸತ್ರೂ ಅಮ್ಮ ಅಮ್ಮನೇ. ಅವ್ಳ ಜಾಗಕ್ಕೆ ನಾ ಕೂರೂದಿಲ್ಲ" ಎನ್ನುತ್ತಿದ್ದರು.

ಧಾರೇಶ್ವರದಲ್ಲಿ, ಹೆದ್ದಾರಿಯಿಂದ ದೇವಸ್ಥಾನದ ಕಡೆಗೆ ತಿರುಗುವ ಮೂಲೆಯಲ್ಲಿ ಹೊನ್ನಿ ಇಳಿಯುತ್ತಾರೆ. ಕುಮಟಾ ಪೇಟೆಗೆ ಹೋಗುವ ಮುಂಚೆ ಇಲ್ಲೊಂದು ಕೆಲಸವಿದೆ. ಮೂಲೆಯಲ್ಲಿ ಗೋಣಿ ಹಾಸಿ ಒಣಮೀನು ಹರಡಿಕೊಂಡು ಕೂತವರು ಸಣ್ಣಮ್ಮ, ಹೊನ್ನಿಯ ಬಾಲ್ಯದ ಗೆಳತಿ. ನನ್ನ ಹೆಗಲ ಚೀಲ, ಕೈಯಲ್ಲಿರುವ ಪೆನ್ನು ನೋಡಿ ಕಣ್ಣು ಕಿರಿದು ಮಾಡುತ್ತಾರೆ.

"ಯಾರಿದು, ಪೇಪರಿನ ಮೇಡಮ್ಮಾ? ಎಲ್ಲೋ ನೋಡ್ದಾಂಗೆ ಅದೆಯಲ್ಲ. ನಮ್ ಕಡೆಯವ್ರಾ, ಬೆಂಗ್ಳೂರ್ ಕಡೆಯವ್ರಾ?"

ನನ್ನ ತಲೆಯ ಹೇನು ತೆಗೆದ ಸಣ್ಣಮ್ಮ! ಹೊನ್ನಿ ಬಾಯಿಗೆ ಬಂದ ನಗುವನ್ನು ಸೆರಗಿನಲ್ಲಿ ಒರೆಸಿ, "ಸುಮ್ನಿರೆ ನೀನು, ಅವ್ರು ಕೆಲ್ಸಕ್ಕೆ ಬಂದವ್ರು" ಎನ್ನುತ್ತಾರೆ.

ಅಷ್ಟರಲ್ಲಿ ಹೊನ್ನಿಯ ಗಂಡ ಗಣಪ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಮೊದಲು ದೋಣಿಗೆ ಹೋಗುತ್ತಿದ್ದವರು, ಸೊಂಟ ಬಿದ್ದ ಮೇಲೆ ಮನೆಯಲ್ಲಿ ಬಲೆ ಹೆಣೆಯುತ್ತಾರೆ, ಅಡಿಗೆ ಮಾಡುತ್ತಾರೆ. ಸೈಕಲ್ಲಿನ ಹಿಂದೆ ಯುನಿಫಾರ್ಮ್ ಹಾಕಿಕೊಂಡ ಹುಡುಗಿ. ಅವಳ ನಿಜವಾದ ಹೆಸರು, ಊರು ಬರೆಯುವಂತಿಲ್ಲ. ದೇವಿ ಎಂದಿಟ್ಟುಕೊಳ್ಳೋಣ. ಸಮುದ್ರ ಕಾಣದ ಊರಿನವಳು. ಅಮ್ಮ ಧಾರವಾಡದಲ್ಲಿ ಆಸ್ಪತ್ರೆಯಲ್ಲಿದ್ದಾರೆ, ಬೇರೆ ಯಾರೂ ಇಲ್ಲ. ಮಳೆಗಾಲ ಶುರುವಾಗುವಾಗ ಹೊನ್ನಿಯ ಮನೆಗೆ ಬಂದಳು.

ದೇವಿಗೆ ಮೀನು ಕಂಡರಾಗದು. ಮೀನು ಮಾರುವವರ ಮನೆಗೆ ಬಂದ ಹುಡುಗಿ ಮೀನಿನ ಸಾರು ಕುದಿಯುವಾಗ ಹಿತ್ತಲಿನ ಗಾಳಿಮರದ ಕೆಳಗೆ ಹೋಗಿ ಕೂರುತ್ತಾಳೆ. ಗಣಪ ಅವಳಿಗೆಂದು ಬೇರೆ ಹಪ್ಪಳ ಕರಿಯುತ್ತಾರೆ. ಅಂಥವಳಿಂದಲೇ ಹೊನ್ನಿಯ ಬುಟ್ಟಿಗೆ ದಿನಾ ಬೋಣಿ ಆಗಬೇಕು.

ಬೋಣಿ ಎಂದರೆ ದಿನದ ಮೊದಲ ಮಾರಾಟ. ಯಾರ ಕೈಯಿಂದ ಆಗುತ್ತದೆ ಎನ್ನುವುದು ಈ ಹೆಂಗಸರಿಗೆ ಸಣ್ಣ ವಿಷಯವಲ್ಲ. ಕೈಗುಣ ಇರುವವರು ಮೊದಲ ಮೀನು ಎತ್ತಿ ಕೊಟ್ಟರೆ ಬುಟ್ಟಿ ಬೇಗ ಖಾಲಿಯಾಗುತ್ತದೆ. ಹೊನ್ನಿಯ ಲೆಕ್ಕದಲ್ಲಿ ಮನೆಗೆ ಹೊಸದಾಗಿ ಬಂದ ಮಗುವಿನ ಕೈಗುಣವೇ ಎಲ್ಲಕ್ಕಿಂತ ದೊಡ್ಡದು. ಮೊದಲ ಗಿರಾಕಿ ಯಾವತ್ತೂ ಪಾಂಡು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಸ್ಟೀಲ್ ಡಬ್ಬಿ ಹಿಡಿದು ಆಗಲೇ ಬಂದು ನಿಂತಿದ್ದಾರೆ.

"ಬೇಗ ಕೊಡೆ ದೇವಿ, ಬಸ್ ಬಿಡ್ತದೆ!"

"ನಿಮ್ಮ ಹತ್ರ ಬಸ್ಸೇ ಇಲ್ಲ ಅಜ್ಜ."

"ಬಾಯಿ ನೋಡು ಇವಳದ್ದು. ಟಿಕೆಟ್ ಇಲ್ದೆ ಇಳಿಸ್ಬಿಡ್ತೆ."

ದೇವಿ ಸೈಕಲ್ಲಿನಿಂದ ಹಾರುತ್ತಾಳೆ. ಎಡಗೈಯಲ್ಲಿ ಮೂಗು ಮುಚ್ಚುತ್ತಾಳೆ. ಬಲಗೈಯ ಎರಡು ಬೆರಳಲ್ಲಿ ಒಂದು ಬಂಗಡೆಯ ಬಾಲ ಹಿಡಿದು, ಮುಖವನ್ನು ಅತ್ತ ತಿರುಗಿಸಿ, ಡಬ್ಬಿಯೊಳಗೆ ಬಿಡುತ್ತಾಳೆ. "ಥೂ!"

"ಮೂಗ್ ಮುಚ್ಕಂಡು ಬೋಣಿ ಮಾಡೂ ಮಾರಾಣಿ ಈ ಕರಾವಳಿಲಿ ಇದೊಂದೇ," ಎಂದು ಸಣ್ಣಮ್ಮ ಕೂಗುತ್ತಾರೆ. "ನಂಗೂ ಒಂದ್ ಒಣಮೀನು ಮುಟ್ಟಿ ಹೋಗೆ, ಪುಣ್ಯ ಬತ್ತದೆ."

ದೇವಿ ಸಣ್ಣಮ್ಮನ ಗೋಣಿಯ ಒಂದು ಮೀನನ್ನು ಬೆರಳ ತುದಿಯಿಂದ ಮುಟ್ಟಿ, ಕೈಯನ್ನು ಗಣಪನ ಲುಂಗಿಗೆ ಒರೆಸುತ್ತಾಳೆ. ಹೊನ್ನಿ ಮಡಿಲಿನಿಂದ ಮುರುಗಲ ಹಣ್ಣಿನ ಹುಳಿ ಸಿಪ್ಪೆ ತೆಗೆದು, ಬಾಟಲಿಯ ನೀರು ಹಾಕಿ ಅವಳ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಾರೆ. ಶಾಲೆಯಲ್ಲಿ ಯಾರೂ ಮೂಸಿ ನಗಬಾರದು. ಆ ಹುಳಿಯ ವಾಸನೆ ನನ್ನ ಬೆರಳಿಗೂ ಗೊತ್ತು. ನಾನು ಕೈಯನ್ನು ಚೀಲದೊಳಗೆ ಇಡುತ್ತೇನೆ.

ಆಗಲೇ ಒಂದು ಕಾರು ನಿಂತಿತ್ತು. ಯಾಣ ನೋಡಲು ಹೊರಟವರಿರಬೇಕು, ಎಳನೀರು ಕುಡಿಯಲು ಇಳಿದಿದ್ದರು. ಅವರಲ್ಲೊಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಅವನು ನನ್ನ ಪಕ್ಕಕ್ಕೆ ಬಂದು ಕೇಳಿದ: "ಆ ಮಗು ಅವಳದ್ದೇನಾ? ಶಾಲೆಗೆ ಹೋಗೋ ಹೊತ್ತಲ್ಲಿ ಕೆಲಸ ಮಾಡಿಸ್ತಾಳಲ್ಲ."

ಎರಡು ಮಾತು ಸಾಕಿತ್ತು. ಇದು ಕೆಲಸವಲ್ಲ, ಬೋಣಿ. ಮಗು ಇನ್ನೊಂದು ನಿಮಿಷಕ್ಕೆ ಶಾಲೆಯ ದಾರಿಯಲ್ಲಿರುತ್ತದೆ. ಆದರೆ ನಿಮಗೆ ಹೇಗೆ ಗೊತ್ತು ಎಂದು ಅವನು ಮುಂದಿನ ಪ್ರಶ್ನೆ ಕೇಳಿದರೆ?

"ಗೊತ್ತಿಲ್ಲ," ಅಂದೆ.

ವಾರ ಕಳೆಯುವುದರೊಳಗೆ ಆ ವಿಡಿಯೊ ಧಾರೇಶ್ವರದ ಎಲ್ಲ ಮೊಬೈಲುಗಳಲ್ಲೂ ಬಂದಿತ್ತು. ಮೂಗು ಮುಚ್ಚಿಕೊಂಡು ಮುಖ ಹಿಂಡಿದ ಹುಡುಗಿ, ಕೈಯಲ್ಲಿ ಮೀನು. ಪಾಂಡುವಿನ ಬಸ್ಸಿನ ಮಾತು ಅದರಲ್ಲಿಲ್ಲ, ಯಾವುದೋ ಅಳುವ ಹಾಡು ಹಾಕಿದ್ದಾರೆ. ಕೆಳಗೆ, "ಪುಸ್ತಕ ಹಿಡಿಯುವ ಕೈಗೆ ಮೀನು ಹಿಡಿಸಿದ ಪಾಪಿ ತಾಯಿ." ಯಾರೋ ದೂರು ಕೊಟ್ಟರು. ಸಮಿತಿಯ ಕಡೆಯಿಂದ ಉಮಾ ಎಂಬ ಅಧಿಕಾರಿ ಮನೆಗೆ ಬಂದು ವಿಚಾರಿಸಿ ಹೋದರು.

ಮರುದಿನ ನಾನು ಆ ಮನೆಗೆ ಹೋದಾಗ ಹೊನ್ನಿ ಹಿತ್ತಲಲ್ಲಿ ಬುಟ್ಟಿ ಕವುಚಿ ಅದರ ಪಕ್ಕ ಕೂತಿದ್ದಾರೆ. ಬಂದರಿಗೆ ಹೋಗಿಲ್ಲ. ಜ್ವರ ಬಂದಾಗಲೂ ಹೋಗುತ್ತಿದ್ದವರು.

"ಬೋಣಿ ಮಾಡ್ಸಿದ್ದು ತಪ್ಪಾ ತಂಗಿ?" ಸುತ್ತ ಯಾರೂ ಇಲ್ಲದ್ದರಿಂದ ನಾನು ಮತ್ತೆ ತಂಗಿ. "ನಮ್ಮವ್ರು ಹೆತ್ತ ಮಕ್ಕಳ ಕೈಯಲ್ಲೂ ಮಾಡಿಸ್ತ್ರು. ನೋಡಿದವ್ರಿಗೆ ಹಾಂಗೆ ಕಾಣ್ತದೆ ಅಂತ ನಂಗೆ ಹೊಳೀಲೇ ಇಲ್ಲ. ಮೂಲೆಲಿ ಕೂರೂಕೆ ಮುಖ ಇಲ್ಲ ಈಗ."

ಗಣಪ ಹಿಂಬಾಗಿಲಲ್ಲಿ ಕೂತು ಬಲೆಯ ಗಂಟು ಬಿಡಿಸುತ್ತಾ ಉಳಿದದ್ದನ್ನು ಹೇಳುತ್ತಾರೆ. ಉಮಾ ಮೇಡಂ ಕೆಟ್ಟವರಲ್ಲ. ಶಾಲೆಯಲ್ಲಿ ಕೇಳಿದ್ದಾರೆ, ದೇವಿ ದಿನಾ ಬರುತ್ತಾಳೆ ಎಂದು ಟೀಚರ್ ಹೇಳಿದ್ದಾರೆ. ಆದರೆ ದೂರು ಬಂದ ಮೇಲೆ ವರದಿ ಬರೆಯಲೇಬೇಕು. ಮಕ್ಕಳನ್ನು ದುಡಿಸಿಕೊಳ್ಳಲಿಕ್ಕೆಂದೇ ಹೊನ್ನಿ ಇಟ್ಟುಕೊಳ್ಳುತ್ತಾರೆ ಎಂದು ದೂರಿನಲ್ಲಿದೆ. ಅದು ನಿಜವೆಂದಾದರೆ ದೇವಿಯನ್ನು ಘಟ್ಟದ ಮೇಲಿನ ಬಾಲಮಂದಿರಕ್ಕೆ ಕಳಿಸುತ್ತಾರೆ. ಮುಂದೆ ಈ ಮನೆಗೆ ಯಾವ ಮಗುವೂ ಬರುವುದಿಲ್ಲ.

"ಇಲ್ಲಿ ಬೆಳೆದು ದೊಡ್ಡಾದವ್ರು ಯಾರಾರು ಒಬ್ರು ಬಂದು ಬಾಯಲ್ಲಿ ಹೇಳ್ಲಿ, ಅಷ್ಟು ಸಾಕು ಅಂದ್ರು ಮೇಡಂ," ಗಣಪ ಹೇಳುತ್ತಾರೆ. "ಹಳೇ ಕಾಗದದಲ್ಲಿ ಹೆಸ್ರು ಅದಾವಂತೆ, ಈಗ ಎಲ್ಲಿದ್ದಾರೆ ಅಂತ ಅವ್ರಿಗೆ ಗೊತ್ತಿಲ್ಲ. ಇವ್ಳು ಬಾಯೇ ಬಿಡ್ಲಿಲ್ಲ. ಭಟ್ಕಳದ ಶಿವಂಗೆ ಒಂದ್ ಫೋನ್ ಮಾಡು ಅಂದೆ."

"ಮಾಡೂದಿಲ್ಲ," ಎಂದರು ಹೊನ್ನಿ.

ಶಿವ ಈ ಮನೆಯಲ್ಲೇ ಬೆಳೆದವನು; ಅವನ ಹೆಸರು, ಊರನ್ನೂ ಬದಲಿಸಿದ್ದೇನೆ. ಈಗ ಭಟ್ಕಳದಲ್ಲಿ ರಿಕ್ಷಾ ಓಡಿಸುತ್ತಾನೆ.

"ಅವ್ನ ಹೆಂಡ್ತಿ ಮನೆಯವ್ರಿಗೆ ಗೊತ್ತಿಲ್ಲ. ಮದ್ವೆಗೆ ನನ್ನ ಕರೆದಿದ್ದು ಮೀನ್ ಕೊಡೂ ಹೆಂಗ್ಸು ಅಂತ. ಹೋಗಿ ಊಟ ಮಾಡಿ ಬಂದೆ, ಪಾಯಸ ಚಲೋ ಆಗಿತ್ತು. ಅವ್ರವ್ರು ಮುಚ್ಚಿಟ್ಟಿದ್ದು ನಾ ತೆಗೆದು ಬಿಸಿಲಿಗೆ ಹಾಕೂದಿಲ್ಲ."

ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ. ಗಣಪನೂ ನೋಡುವುದಿಲ್ಲ. ಬಲೆಯ ಗಂಟು ಅಷ್ಟು ಹೊತ್ತು ಬಿಡಿಸುವಂಥದ್ದೇನೂ ಆಗಿರಲಿಲ್ಲ. ನನ್ನ ಹೆಸರು ಆ ಹಿತ್ತಲಲ್ಲಿ ಮೂವರ ಬಾಯಲ್ಲೂ ಇತ್ತು, ಒಬ್ಬರೂ ಉಗುಳಲಿಲ್ಲ. ನಾನು ಏನೋ ಬರೆದುಕೊಳ್ಳುವವಳ ಹಾಗೆ ತಲೆ ತಗ್ಗಿಸಿದೆ.

ಶಾಲೆಯಿಂದ ಬಂದ ದೇವಿ ಚೀಲ ಎಸೆದು, "ಚಿಕ್ಕಿ, ಇವತ್ತು ಬೋಣಿ ಯಾರು ಮಾಡಿದ್ರು?" ಎಂದು ಕೇಳುತ್ತಾಳೆ. ಇವತ್ತು ಬುಟ್ಟಿಗೆ ರಜೆ ಎಂದರೆ ಮುಖ ಸಣ್ಣದು ಮಾಡುತ್ತಾಳೆ. "ನನ್ನ ಕೈಗುಣ ಹೋಯ್ತಾ?"

"ಹೋಗೂದಿಲ್ಲ ಮಗಾ. ಕೈ ಎಲ್ಲಿ ಹೋತದೋ ಅಲ್ಲಿಗೇ ಬತ್ತದೆ ಅದು."

ದೇವಿ ಆಡಲು ಓಡಿದ ಮೇಲೆ ಹೊನ್ನಿ ಅವಳು ಎಸೆದ ಚೀಲವನ್ನು ಎತ್ತಿ ಧೂಳು ಕೊಡವುತ್ತಾರೆ. ಆಮೇಲೆ ಹೇಳಿದ ಮಾತನ್ನು ಬರೆಯಲೇ ಎಂದು ಕೇಳಿದೆ. ಬರಿ, ಅದಕ್ಕೇನಂತೆ ಎಂದರು.

"ಪ್ರತಿ ರವಿವಾರ ಅವ್ಳ ಅಮ್ಮಂಗೆ ಫೋನ್ ಹಚ್ಚಿ ಕೊಡ್ತೆ. ಬೇಗ ಗುಣ ಆಗಿ ಬನ್ನಿ ಅಂತ ನಾನೂ ಹೇಳ್ತೆ. ಬಾಯಲ್ಲಿ ಹೇಳ್ತೆ. ಹೊಟ್ಟೆ ಒಳಗೆ, ಇನ್ನೊಂದ್ ನಾಲ್ಕ್ ದಿನ ತಡ ಆಗ್ಲಿ ಅಂತ ಅನಿಸ್ತದೆ. ಕಾಯ್ಲೆ ಮನುಷ್ಯರಿಗೆ ಹಾಂಗೆ ಅಂದ್ಕಳೂದಾ? ಎಷ್ಟ್ ಮಕ್ಕಳು ಹೋದ್ರೂ ಈ ಕೆಟ್ಟ ಬುದ್ಧಿ ಹೋಗ್ಲಿಲ್ಲ ನಂದು. ಕರ್ಕಂಡು ಹೋಗೂಕೆ ಬಂದಾಗ ನಾ ಮುಂಬಾಗಿಲಿಗೆ ಬರೂದಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ತೆ ಇರ್ತೆ. ಆ ಅಮ್ಮಂದಿರ ಮುಖ ನೋಡೂಕೆ ನಾಚ್ಕೆ."

ಇಷ್ಟು ವರ್ಷ ಈ ಮನೆಯಲ್ಲಿದ್ದೆ. ಯಾವುದೋ ಮಗು ಹೊರಟ ದಿನ ಹಿತ್ತಲಿನಿಂದ ಪಾತ್ರೆಯ ಸದ್ದು ಜೋರಾಗಿ ಕೇಳಿದ್ದು ನೆನಪಿದೆ. ಚಿಕ್ಕಿಗೆ ಬೀಳ್ಕೊಡುವಷ್ಟೂ ಪುರುಸೊತ್ತಿಲ್ಲ ಎಂದುಕೊಂಡಿದ್ದೆ.

ಲೇಖನಕ್ಕೆ ಇನ್ನೊಂದಿಷ್ಟು ಬೇಕಿತ್ತು. ಕುಮಟಾಕ್ಕೆ ಮರಳುವ ದಾರಿಯಲ್ಲಿ ಸಣ್ಣಮ್ಮನ ಗೋಣಿಯ ಎದುರು ಕೂತೆ. ಅವರು ಈ ಸಲ ಮೇಡಮ್ಮಾ ಎನ್ನಲಿಲ್ಲ.

"ಎಂತ ಬರ್ಕಂಡ್ಯೆ?"

"ಮಕ್ಕಳ ಕೈಯಿಂದ ಯಾಕೆ ಬೋಣಿ ಮಾಡಿಸ್ತಾರೆ ಅಂತ ಬರೀಬೇಕು. ಕೈಗುಣ ನಂಬ್ತಾರೆ ಅಂತ ಬರೀಲಾ?"

ಸಣ್ಣಮ್ಮ ಒಣಮೀನನ್ನು ಮಗುಚಿ ಹಾಕುವುದನ್ನು ನಿಲ್ಲಿಸಿದರು. ನಕ್ಕರು. ಆ ನಗುವಿನಲ್ಲಿ ಕುಹಕವೂ ಇತ್ತು, ಬೇರೆ ಏನೋ ಇತ್ತು.

"ನಿನ್ನ ಕೈಯಿಂದ ಬೋಣಿ ಆದ ದಿನ ಬುಟ್ಟಿ ಏನ್ ಆತಿತ್ತು ಹೇಳು."

"ಖಾಲಿ ಆಗ್ತಿತ್ತು. ದಿನಾ ಖಾಲಿ ಬುಟ್ಟಿ ತಂದು ತೋರಿಸ್ತಿದ್ರು."

"ದಿನಾ ಖಾಲಿ ಆಗೂಕೆ ಅವ್ಳು ಮೀನ್ ಮಾರ್ತಿದ್ಳಾ, ಪ್ರಸಾದ ಹಂಚ್ತಿದ್ಳಾ? ಮಾರಾಟ ಆಗ್ದೆ ಇದ್ದ ಮೀನ್ ಎಲ್ಲಾ ತಂದು ನನ್ನ ಅಂಗಳದಲ್ಲಿ ಸುರೂದು. ಉಪ್ಪು ಹಾಕಿ ಒಣಗ್ಸು ಸಣ್ಣಿ, ತಂಗಿಗೆ ಹೇಳ್ಬೇಡ ಅನ್ನೂದು. ಆಮೇಲೆ ಬುಟ್ಟಿ ತೊಳ್ದು ಮನೆಗೆ ಹೋಗೂದು. ನಿನ್ನ ಕೈಗುಣದ ಮೀನ್ ಒಣಗ್ಸಿ ಒಣಗ್ಸಿ ನನ್ನ ಅಂಗಳ ಇನ್ನೂ ನಾರ್ತದೆ. ಈಗ ಆ ದೇವಿದು. ಅವ್ಳ ಕೈಗುಣ ನಿಂದಕ್ಕಿಂತ ಸುಮಾರು."

ಎದುರಿಗೆ ಹರಡಿದ ಬಂಗಡೆಗಳನ್ನು ನೋಡಿದೆ. ದೇವಿಯ ಬಂಗಡೆಗಳು.

"ಹೊಸ ಮಗು ಮನೆಗೆ ಬಂದಾಗ ಮೂಲೆಲಿ ಕೂತಿರ್ತದೆ. ಎಲ್ಲರಿಗೂ ಭಾರ ಆದ್ವಿ ಅಂತ ಅದ್ಕೆ ಗೊತ್ತಿರ್ತದೆ. ಉಣ್ಣು ಅಂದ್ರೂ ಹೆದ್ರಿ ಉಣ್ತದೆ," ಸಣ್ಣಮ್ಮ ಹೇಳಿದರು. "ಅದ್ಕೆ ಬುಟ್ಟಿ ತೋರ್ಸಿ ಹೇಳೂದು, ನೋಡು, ನೀ ಬಂದ್ಮೇಲೆ ಮನೆಗೆ ಏಳ್ಗೆ ಆತು ಅಂತ. ಅಷ್ಟ್ ಹೇಳೂಕೇ ಬೋಣಿ. ಅವ್ಳಿಗೆ ಕೈಗುಣದಲ್ಲಿ ಎಂತಾ ನಂಬ್ಕೆಯೂ ಇಲ್ಲ."

ನನಗೆ ನೆನಪಾಯಿತು. ಆ ಮನೆಯಲ್ಲಿ ನಾನು ಮೊದಲ ಬಾರಿ ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡದ್ದು ಖಾಲಿ ಬುಟ್ಟಿಯನ್ನು ಕಂಡ ಸಂಜೆ. ದುಡಿದು ಉಂಡಷ್ಟು ಧೈರ್ಯ ಬಂದಿತ್ತು. ಪರೀಕ್ಷೆಯ ಹಾಲ್‌ನಲ್ಲಿ, ಮೊದಲ ಲೇಖನ ಕಳಿಸುವಾಗ, ಬಲಗೈಯನ್ನು ಒಮ್ಮೆ ನೋಡಿಕೊಳ್ಳುವ ಅಭ್ಯಾಸ ಈಗಲೂ ಇದೆ. ನನ್ನ ಕೈಗುಣ ಒಳ್ಳೆಯದು ಎಂದು ನಾನು ಇವತ್ತಿನವರೆಗೆ ನಂಬಿದ್ದೆ.

"ಇದನ್ನ ಆ ಮೇಡಂಗೆ ಯಾಕೆ ಹೇಳಲಿಲ್ಲ ಅವರು?" ಎಂದೆ.

"ಹೇಳಿದ್ರೆ ದೇವಿ ಕಿವಿಗೆ ಬೀಳೂದಿಲ್ವಾ? ನಿನ್ನ ಕೈಯಿಂದ ಎಂತದೂ ಆಗ್ಲಿಲ್ಲ ಅಂತ ಆ ಮಗುಗೆ ಗೊತ್ತಾಗೂದಿಲ್ವಾ? ನೀ ಬರ್ದ್ರೆ ಆ ದಿನದ ಪೇಪರ್ ಅವ್ಳ ಕೈಗೆ ಸಿಗ್ದಾಂಗೆ ಮಾಡು." ಸಣ್ಣಮ್ಮ ಒಂದು ಮೀನೆತ್ತಿ ನನ್ನ ಚೀಲದೊಳಗೆ ತುರುಕಿದರು. "ಹಿಡಿ, ದೇವಿಯ ಪ್ರಸಾದ. ನಿನ್ನ ರೂಮಿನಲ್ಲಿ ಸುಟ್ರೆ ವಾಸ್ನೆ ಬತ್ತದೆ, ನೋಡ್ಕ. ಅಕ್ಕಪಕ್ಕದವ್ರಿಗೆ ಗೊತ್ತಾಗ್ಬಿಡ್ತದೆ ಮತ್ತೆ."

ಅದನ್ನು ಸುಟ್ಟೆ. ಪಕ್ಕದ ಕೋಣೆಯವಳು ಬಾಗಿಲು ಬಡಿದು ಏನು ವಾಸನೆ ಎಂದಳು. ಒಣಮೀನು ಎಂದೆ. ಅವಳು ಒಂದು ತುಂಡು ಕೇಳಿ ತೆಗೆದುಕೊಂಡು ಹೋದಳು. ಅಷ್ಟೇ ಆದದ್ದು.

ಶನಿವಾರ ಮಧ್ಯಾಹ್ನ ಉಮಾ ಮೇಡಂ ಮತ್ತೆ ಬರುತ್ತಾರೆ ಎಂದು ಗೊತ್ತಿತ್ತು. ಹೋಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಜಗಲಿ ಹತ್ತುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಉಮಾ ಮೇಡಂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ. ಗಣಪ ಕೊಟ್ಟ ಬೆಲ್ಲದ ಚಹಾ ಪಕ್ಕದಲ್ಲಿ ಆರುತ್ತಿದೆ. ಹೊನ್ನಿ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಾರೆ. ಬುಟ್ಟಿ ಅಂಗಳದಲ್ಲಿ ಕವುಚಿದ ಹಾಗೇ ಇದೆ. ದೇವಿ ಶಾಲೆಯಿಂದ ಬಂದವಳು ಅದರ ಮೇಲೆ ಹತ್ತಿ ಕೂತು ನೆಲ್ಲಿಕಾಯಿ ಕಡಿಯುತ್ತಿದ್ದಾಳೆ.

"ನೀವು ಕೆಟ್ಟದ್ದು ಮಾಡಿದ್ದೀರಿ ಅಂತ ನನಗೆ ಅನಿಸುವುದಿಲ್ಲ ಹೊನ್ನಮ್ಮ," ಮೇಡಂ ಹೇಳುತ್ತಿದ್ದಾರೆ. "ಆದರೆ ನನಗೆ ಅನಿಸಿದ್ದನ್ನು ವರದಿಯಲ್ಲಿ ಹಾಕಲು ಬರುವುದಿಲ್ಲ. ಇಷ್ಟು ಮಕ್ಕಳು ಇಲ್ಲಿ ಬೆಳೆದಿದ್ದಾರೆ ಅಂತೀರಿ. ಒಬ್ಬರು, ಒಂದೇ ಒ‌ಬ್ಬರು ಬಂದು ಇಲ್ಲಿ ಹೇಗಿತ್ತು ಅಂತ ಹೇಳಿದ್ರೆ ನನ್ನ ಕೆಲಸ ಮುಗೀತು. ಯಾಕೆ ಯಾರ ಹೆಸರೂ ಹೇಳೂದಿಲ್ಲ ನೀವು?"

"ಅವ್ರಿಗೆ ಅವ್ರ ಬದುಕು ಅದೆ ಮೇಡಂ. ಕೊಟ್ಟ ಅನ್ನಕ್ಕೆ ಸಾಕ್ಷಿ ಹೇಳು ಅಂತ ಕರೆಯೂದು ಚಂದ ಅಲ್ಲ."

"ಹಾಗಾದ್ರೆ ಈ ಮಗು ಹೋಗಬೇಕಾಗ್ತದೆ. ಅರ್ಥ ಆಯ್ತಾ?"

ಹೊನ್ನಿ ದೇವಿಯ ಕಡೆ ನೋಡುತ್ತಾರೆ. ನಾನು ಇದೇ ಲೇಖನಕ್ಕೆಂದು ಮೊದಲ ದಿನ ಟೆಂಪೋದಲ್ಲಿ ಕೇಳಿದ್ದೆ, ನಿಮಗೆ ಏನಾದರೂ ಆಸೆ ಉಂಟಾ ಎಂದು. ಇಂಥ ಲೇಖನಗಳಲ್ಲಿ ಕೊನೆಗೆ ಕೇಳುವ ಪ್ರಶ್ನೆ. ಅವರು ಬುಟ್ಟಿಯ ಮೇಲೆ ಕೈಯಿಟ್ಟು ಯೋಚಿಸಿ, "ಅಮ್ಮ ಬಂದು ಕರ್ಕಂಡು ಹೋಗೂ ಮೊದ್ಲು ಆ ಹುಡ್ಗಿ ನನ್ನ ಕೈಯ ಮೀನ್ ಸಾರು ಒಂದ್ ಸಲ ಉಂಡ್ರೆ ಸಾಕು" ಎಂದಿದ್ದರು. ಬೇರೆ ಯಾರೋ ಬಂದು ಕರೆದುಕೊಂಡು ಹೋಗಬಹುದು ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಹೊನ್ನಿ ಸೆರಗಿನಿಂದ ಮುಖ ಒರೆಸಿ ಏಳುತ್ತಾರೆ. ಹಿತ್ತಲ ಕಡೆ ಹೆಜ್ಜೆ ಇಡುತ್ತಾರೆ. ಆಗಲೇ ಬಾಗಿಲ ಬಳಿ ನಿಂತಿದ್ದ ನನ್ನನ್ನು ಉಮಾ ಮೇಡಂ ನೋಡುತ್ತಾರೆ.

"ಇವರು ಯಾರು?"

"ಪೇಪರಿನವ್ರು ಮೇಡಂ," ಹೊನ್ನಿ ತಟ್ಟನೆ ತಿರುಗಿ ಹೇಳುತ್ತಾರೆ. ನನಗೂ ಮೇಡಂಗೂ ನಡುವೆ ಬಂದು ನಿಂತಿದ್ದಾರೆ, ಚಿಕ್ಕಂದಿನಲ್ಲಿ ಹಾದಿಯ ನಾಯಿಗೂ ನನಗೂ ನಡುವೆ ನಿಲ್ಲುತ್ತಿದ್ದ ಹಾಗೆ. "ಬರೆಯೂಕೆ ಬಂದವ್ರು. ಅವ್ರನ್ನ ಎಂತದೂ ಕೇಳ್ಬೇಡಿ, ಅವ್ರಿಗೆ ಇದೆಲ್ಲ ಗೊತ್ತಿಲ್ಲ."

ಗೊತ್ತಿಲ್ಲ. ನಾನು ಆ ಕಾರಿನವನಿಗೆ ಹೇಳಿದ್ದ ಮಾತನ್ನೇ ಈಗ ನನಗಾಗಿ ಅವರು ಹೇಳುತ್ತಿದ್ದಾರೆ. ಹಿತ್ತಲಲ್ಲಿ ತೊಳೆಯುವ ಪಾತ್ರೆಗಳು ರಾಶಿ ಬಿದ್ದಿರುವುದು ಇಲ್ಲಿಂದಲೇ ಕಾಣುತ್ತದೆ. ಅಂಗಳದಲ್ಲಿ ದೇವಿ ನೆಲ್ಲಿಕಾಯಿಯ ಬೀಜ ಉಗುಳಿ, ಬಲಗೈಯನ್ನು ಲಂಗಕ್ಕೆ ಒರೆಸಿ, ನಮ್ಮನ್ನೇ ನೋಡುತ್ತಿದ್ದಾಳೆ.

ಉಮಾ ಮೇಡಂ ಹೊನ್ನಿಯ ಹೆಗಲ ಆಚೆಯಿಂದ ನನ್ನನ್ನೇ ಕೇಳುತ್ತಾರೆ. "ಹೌದಾ? ಇವರು ನಿಮಗೆ ಏನೂ ಆಗಬೇಕಿಲ್ವಾ?"

ಹೊನ್ನಿಯ ಕೈ ನನ್ನ ಮೊಣಕೈಯನ್ನು ಹಿಡಿದು ಬೇಡ ಎಂಬಂತೆ ಸಣ್ಣಗೆ ಒತ್ತುತ್ತದೆ. ಆ ಕೈಯನ್ನು ಹಿಡಿದುಕೊಂಡು ಮುಂದೆ ಬರುತ್ತೇನೆ.

"ನಾನು ಇವರು ಸಾಕಿದ ಮಗಳು, ಮೇಡಂ. ಆ ಬುಟ್ಟಿಗೆ ನಾನೂ ಬೋಣಿ ಮಾಡಿದವಳು."